ಮೀನಿಗೆ ಬಂದ ನಡುಕ

ಮಕ್ಕಳ ಕೊಳದಲ್ಲಿ ಸೊಂಟದ ಮಟ್ಟದ ನೀರು. ಮೀನುವಿನ ಎರಡು ಅಂಗೈಗಳ ಮೇಲೆ ಒಂದು ಪುಟ್ಟ ಹುಡುಗಿ ಅಂಗಾತ ಮಲಗಿ ತೇಲುವುದನ್ನು ಕಲಿಯುತ್ತಿದ್ದಳು. ದಂಡೆಯಲ್ಲಿ ಕೂತಿದ್ದ ಹುಡುಗಿಯ ತಾಯಿ ನೋಡುತ್ತಿದ್ದಂತೆಯೇ ಆ ಅಂಗೈಗಳು ಮೆಲ್ಲಗೆ ಕೆಳಗಿಳಿದವು. ಮೀನುವಿನ ಕಣ್ಣು ತೆರೆದೇ ಇತ್ತು, ಮುಖದಲ್ಲಿ ನಗುವಿನಂಥದೇನೋ ಇತ್ತು, ಮಗು ಮುಳುಗುತ್ತಿತ್ತು. ತಾಯಿ ಉಟ್ಟ ಬಟ್ಟೆಯಲ್ಲೇ ನೀರಿಗೆ ಹಾರಿದಳು.

ಮಗುವಿಗೆ ಏನೂ ಆಗಲಿಲ್ಲ. ಎರಡು ಗುಟುಕು ನೀರು ಕುಡಿದು, ಕೆಮ್ಮಿ, ಅತ್ತು, ಸಂಜೆಯ ಹೊತ್ತಿಗೆ ಮರೆತೂಬಿಟ್ಟಿತು. ಆದರೆ ಮೀನು ಮತ್ತೆ ಆ ಕೊಳಕ್ಕೆ ಇಳಿಯಲಿಲ್ಲ. ಈಜು ಕಲಿಸುವವಳೇ ನಿಂತ ನಿಲುವಿನಲ್ಲಿ ಕಳೆದುಹೋದರೆ ಯಾರು ತಾನೇ ತಮ್ಮ ಮಗುವನ್ನು ಅವಳ ಕೈಗೆ ಕೊಟ್ಟಾರು? ಕೊಳದ ಮ್ಯಾನೇಜರು ಒಳ್ಳೆಯ ಮನುಷ್ಯ. ಬಯ್ಯಲಿಲ್ಲ, ಕೂಗಾಡಲಿಲ್ಲ. ಅವಳ ಟವಲು, ಸೀಟಿ, ಚಪ್ಪಲಿಗಳನ್ನು ಒಂದು ಚೀಲಕ್ಕೆ ಹಾಕಿ ತಾನೇ ಮನೆಯವರೆಗೆ ತಂದುಕೊಟ್ಟು, ಅವಳ ಮುಖ ನೋಡಲಾರದೆ ಅಕ್ಕನ ಮುಖ ನೋಡಿ, "ಹುಷಾರಾಗ್ಲಿ, ಆಮೇಲೆ ನೋಡೋಣ" ಎಂದು ಹೇಳಿಹೋದ.

ಅಕ್ಕ ಎಂದರೆ ಮೀನುವಿನ ಒಡಹುಟ್ಟಿದ ಅಕ್ಕ. ಆದರೆ ಬೀದಿಗೆಲ್ಲ ಅವಳು ಅಕ್ಕನೇ. ಮನೆಯ ಮುಂದಿನ ಕೋಣೆಯನ್ನೇ ಅಂಗಡಿ ಮಾಡಿಕೊಂಡು ಕಿಟಕಿ ಪರದೆ, ದಿಂಬಿನ ಗವಸು, ಕುರ್ಚಿಯ ಮೆತ್ತೆ ಹೊಲಿಯುತ್ತಿದ್ದಳು. ಅವಳಿಗಿಂತ ದೊಡ್ಡವರೂ ಬಟ್ಟೆಯ ಥಾನು ಹೊತ್ತುಕೊಂಡು ಬಂದು "ಅಕ್ಕಾ, ಈ ವಾರ ಕೊಡ್ತೀರಾ?" ಎನ್ನುತ್ತಿದ್ದರು. ಹಾಗೆ ಕರೆಯದವನು ಒಬ್ಬನೇ. ಅವಳು ಹೊಲಿದ ಪರದೆಗಳನ್ನು ಮನೆಮನೆಗೆ ಹೋಗಿ ಸರಳು ಹಾಕಿ ತೂಗುಬಿಡುವವನು. ಯಾವಾಗ ನೋಡಿದರೂ ಹೆಗಲ ಮೇಲೆ ಏಣಿ ಇರುತ್ತಿದ್ದುದರಿಂದ ಎಲ್ಲರಿಗೂ ಏಣಿಯವನು. ಅವನು ಮಾತ್ರ ಅಕ್ಕನನ್ನು "ರೀ" ಎನ್ನುತ್ತಿದ್ದ. ಯಾಕೆ ಎಂದು ಅವಳಿಗೂ ಗೊತ್ತಿತ್ತು. ಮದುವೆಯ ಮಾತನ್ನು ಅವನು ಎತ್ತಿದಾಗಲೆಲ್ಲ ಅವಳು ಒಳಗಿನ ಕೋಣೆಯ ಕಡೆ ಕಣ್ಣು ಹಾಯಿಸಿ, "ಇವಳನ್ನ ಬಿಟ್ಟು ಎಲ್ಲಿಗೆ ಬರಲಿ?" ಎಂದು ಕೇಳುತ್ತಿದ್ದಳು. ಹೊಲಿಗೆ ಯಂತ್ರವನ್ನು ಅವಳು ಇಟ್ಟುಕೊಂಡಿದ್ದೇ ಹಾಗೆ, ಕುರ್ಚಿಯಿಂದ ತಲೆ ಎತ್ತಿದರೆ ಮೀನುವಿನ ಮಂಚ ಕಾಣಬೇಕು.

ಮೀನುವಿಗೆ ಸಕ್ಕರೆ ಕಾಯಿಲೆ ಬಂದದ್ದು ಶಾಲೆಗೆ ಹೋಗುವ ವಯಸ್ಸಿನಲ್ಲಿ. ಹೊಟ್ಟೆಯೊಳಗಿನ ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಜೀವಕೋಶಗಳನ್ನು ಅವಳ ದೇಹವೇ ಕೊಂದುಹಾಕಿತ್ತು. ಅಂದಿನಿಂದ ಸೂಜಿಯೇ ಗತಿ. ಸೂಜಿಯ ಲೆಕ್ಕ ಕೊಂಚ ಹೆಚ್ಚಾದರೆ ರಕ್ತದ ಸಕ್ಕರೆ ಇಳಿದುಹೋಗುತ್ತದೆ. ಮೊದಮೊದಲು ಹಾಗಾದಾಗ ಮೈ ನಡುಗುತ್ತಿತ್ತು, ಬೆವರುತ್ತಿತ್ತು, ಹೊಟ್ಟೆ ಸುಡುತ್ತಿತ್ತು. ಅವಳು ಹಣ್ಣಿನ ರಸವನ್ನೋ ಸಕ್ಕರೆಯನ್ನೋ ಬಾಯಿಗೆ ಹಾಕಿಕೊಂಡು ಬಚಾವಾಗುತ್ತಿದ್ದಳು. ವರ್ಷಗಳು ಕಳೆದಂತೆ ಆ ಸೂಚನೆಗಳೆಲ್ಲ ನಿಂತುಹೋದವು. ಈಗ ನಡುಕವಿಲ್ಲ, ಬೆವರಿಲ್ಲ. ಮಾತಾಡುತ್ತಿದ್ದವಳು ಮಾತಿನ ನಡುವೆಯೇ ಖಾಲಿಯಾಗುತ್ತಿದ್ದಳು. ಸಕ್ಕರೆ ಅಳೆಯಲು ತೋಳಿಗೆ ಅಂಟಿಸಿದ ಯಂತ್ರ ಕೂಗಿಕೊಳ್ಳುವುದು ನಿಜ. ಆದರೆ ಸಕ್ಕರೆ ಭರ್ರನೆ ಇಳಿಯುವ ದಿನ ಅದು ಕೂಗುವಷ್ಟರಲ್ಲಿ ಕೂಗು ಕೇಳಿಸಿಕೊಳ್ಳಬೇಕಾದವಳೇ ಇರುತ್ತಿರಲಿಲ್ಲ.

ಅಮ್ಮ ಬದುಕಿರುವವರೆಗೆ ಅಮ್ಮ ಕಾದಳು. ಆಮೇಲೆ ಆ ಕಾವಲು, ಅಮ್ಮ ಸಾಯುವ ಮುಂಚೆ ಮಾತು ತೆಗೆದುಕೊಂಡಂತೆ, ಅಕ್ಕನ ಪಾಲಿಗೆ ಬಂತು.

ಕೊಳದ ಕೆಲಸ ಹೋದ ಮೇಲೆ ದೊಡ್ಡ ಆಸ್ಪತ್ರೆಯ ಡಾಕ್ಟರು ಇಬ್ಬರನ್ನೂ ಕೂರಿಸಿಕೊಂಡು ಮಾತಾಡಿದರು. ಬಿಳಿಗಡ್ಡದ ನಿಧಾನದ ಮನುಷ್ಯ.

"ಇಡೀ ಗ್ರಂಥಿ ಕೂರಿಸೋದು ದೊಡ್ಡ ಆಪರೇಷನ್ನು. ಇವರ ಹೃದಯದ ರಕ್ತನಾಳ ನೋಡಿದ್ರೆ ನನಗೆ ಧೈರ್ಯ ಬರಲ್ಲ. ಇನ್ನೊಂದು ದಾರಿ ಇದೆ. ತೀರಿಕೊಂಡವರು ದಾನ ಮಾಡಿದ ಗ್ರಂಥಿಯಿಂದ ಆ ಜೀವಕೋಶಗಳ ಗುಂಪನ್ನಷ್ಟೇ ಬಿಡಿಸಿ ತೆಗೀತೀವಿ. ಐಲೆಟ್ ಅಂತಾರೆ. ದ್ವೀಪ ಅಂತ ಅರ್ಥ. ಗ್ರಂಥಿ ಒಳಗೆ ಅಲ್ಲೊಂದು ಇಲ್ಲೊಂದು ದ್ವೀಪದ ಹಾಗೆ ಇರ್ತವೆ. ಅವನ್ನ ಸೂಜಿ ಮೂಲಕ ಯಕೃತ್ತಿನ ರಕ್ತನಾಳಕ್ಕೆ ಬಿಡ್ತೀವಿ. ಅಲ್ಲೇ ಬೇರೂರಿ ಕೆಲಸ ಶುರುಮಾಡ್ತವೆ."

"ಮೀನಿಗೆ ದ್ವೀಪ ಬೇಕಾಯ್ತು ನೋಡಿ," ಎಂದಳು ಮೀನು.

ಡಾಕ್ಟರು ನಗಲಿಲ್ಲ. "ಆದ್ರೆ ಬೇರೆಯವರ ಜೀವಕೋಶ. ದೇಹ ಅದನ್ನ ಹೊರಗೆ ಹಾಕದ ಹಾಗೆ ಜೀವನಪೂರ್ತಿ ಮಾತ್ರೆ ತಗೋಬೇಕು. ಆ ಮಾತ್ರೆ ರೋಗ ತಡೆಯೋ ಶಕ್ತೀನೇ ತಗ್ಗಿಸುತ್ತೆ. ಜ್ವರ, ಸೋಂಕು, ಕಿಡ್ನಿಗೆ ತೊಂದರೆ, ಎಲ್ಲಾ ಬರಬಹುದು. ಜೀವಕೋಶ ಎಷ್ಟು ವರ್ಷ ಉಳಿಯುತ್ತೆ ಅಂತಾನೂ ಹೇಳಕ್ಕಾಗಲ್ಲ. ದಾನಿಗಳಿಗೆ ಕಾಯೋ ಅವಶ್ಯಕತೆ ಇಲ್ಲದ ಹಾಗೆ ಪ್ರಯೋಗಾಲಯದಲ್ಲೇ ಇವನ್ನ ಬೆಳೆಸೋ ಪ್ರಯತ್ನ ನಡೀತಾ ಇದೆ. ಆ ಕಾಲಾನೂ ಬರುತ್ತೆ."

"ಅಲ್ಲೀವರೆಗೆ ನಾನಿರ್ತೀನಾ ಡಾಕ್ಟ್ರೇ?"

ಡಾಕ್ಟರು ಅರ್ಜಿಯ ಹಾಳೆ ಎಳೆದುಕೊಂಡರು. ಕಾಯುವವರ ಪಟ್ಟಿಗೆ ಹೆಸರು ಬರೆಸಿದರು.

ಅಲ್ಲಿಂದ ಶುರುವಾಯಿತು ಕಾಯುವ ಕೆಲಸ. ಊರು ಬಿಟ್ಟು ಹೋಗುವಂತಿಲ್ಲ, ಫೋನು ಆರಿಸುವಂತಿಲ್ಲ, ನೆಗಡಿಯೂ ಬರುವಂತಿಲ್ಲ. ಆಸ್ಪತ್ರೆಯಿಂದ ಮಾತಾಡುವ ಹೆಂಗಸಿಗೆ ಅಕ್ಕತಂಗಿಯರು ಫೋನಮ್ಮ ಎಂದು ಹೆಸರಿಟ್ಟಿದ್ದರು. ಆಕೆ ಆಗಾಗ ಕರೆಮಾಡಿ ಆರೋಗ್ಯ ವಿಚಾರಿಸುತ್ತಿದ್ದಳು. ಪ್ರತಿಸಲವೂ ಅಕ್ಕ ಚಪ್ಪಲಿ ಮೆಟ್ಟಿಕೊಂಡೇ ಫೋನು ಎತ್ತುತ್ತಿದ್ದಳು, ಪ್ರತಿಸಲವೂ ಏನಿಲ್ಲ, ಸುಮ್ಮನೆ ವಿಚಾರಿಸಲು ಮಾಡಿದ್ದು ಎಂದಾಗುತ್ತಿತ್ತು. ಯಾರದೋ ಮನೆಯಲ್ಲಿ ಸಾವಾಗದ ಹೊರತು ತನ್ನ ಮನೆಗೆ ಆ ಕರೆ ಬಾರದು ಎನ್ನುವುದು ಹೊಳೆದಾಗ ಅಕ್ಕನಿಗೆ ತನ್ನ ಬಗ್ಗೆಯೇ ಹೇಸಿಗೆಯಾಗುತ್ತಿತ್ತು. ಆದರೂ ಕಾಯುವುದನ್ನು ಬಿಡಲಿಲ್ಲ. ಆಂಬುಲೆನ್ಸ್ ಸದ್ದು ಕೇಳಿದರೆ ಕತ್ತರಿ ಹಿಡಿದ ಕೈ ತಾನಾಗಿ ನಿಲ್ಲುತ್ತಿತ್ತು.

ಕೊನೆಗೊಂದು ಬೆಳಿಗ್ಗೆ, ಮೇಜಿನ ಮೇಲೆ ಹೋಟೆಲೊಂದರ ನೀಲಿ ಪರದೆಬಟ್ಟೆ ಹರಡಿಕೊಂಡು ಅಂಚು ಕತ್ತರಿಸುತ್ತಿದ್ದಾಗ ಕರೆ ಬಂತು. "ಹೊರಟು ಬನ್ನಿ. ಅವರಿಗೆ ಏನೂ ತಿನ್ನೋಕೆ ಕೊಡ್ಬೇಡಿ. ಸಕ್ಕರೆ ಇಳಿದ್ರೆ ಮಾತ್ರ ಕೊಟ್ಟು, ನನಗೆ ಹೇಳಿ." ಅಕ್ಕ ಬಟ್ಟೆಯನ್ನು ಅರ್ಧ ಕತ್ತರಿಸಿದಂತೆಯೇ ಬಿಟ್ಟಳು. ಅಂಗಡಿಯ ಬಾಗಿಲು ಹಾಕಿದಳೋ ಇಲ್ಲವೋ ಎನ್ನುವುದೂ ಆಮೇಲೆ ನೆನಪಾಗಲಿಲ್ಲ. ಹಾಕಿದ್ದು ಏಣಿಯವನು.

ಆಸ್ಪತ್ರೆಯಲ್ಲಿ ರಕ್ತ ತೆಗೆದರು, ತೋಳಿಗೆ ನಳಿಗೆ ಚುಚ್ಚಿದರು, ಹಸಿರು ಗೌನು ತೊಡಿಸಿದರು. ಗ್ರಂಥಿ ಬಂದಿದೆ, ಕೆಳಗಿನ ಪ್ರಯೋಗಾಲಯದಲ್ಲಿ ಬಿಡಿಸುತ್ತಿದ್ದಾರೆ ಎಂದು ನರ್ಸು ಹೇಳಿದಳು. ಗಂಟೆಗಳು ಉರುಳಿದವು. ಮೀನು ಹೊಟ್ಟೆ ಹಸಿದು ಕೆರಳಿದಳು, ಮಲಗಿದಳು, ಎದ್ದಳು. "ಸೂಜಿ ಬಿಟ್ಟ ಮೇಲೆ ಮೊದಲು ಏನು ಮಾಡ್ತೀನಿ ಗೊತ್ತಾ? ಒಬ್ಬಳೇ ಬಸ್ ಹತ್ತಿ ಕೊನೇ ಸ್ಟಾಪಿನವರೆಗೆ ಹೋಗ್ತೀನಿ. ನೀನು ಬರಕೂಡದು," ಎಂದಳು.

ಬಿಸಿಲು ಇಳಿಯುವ ಹೊತ್ತಿಗೆ ಡಾಕ್ಟರು ಬಂದರು. ಅವರು ಕುರ್ಚಿ ಎಳೆದುಕೊಂಡು ಕೂತದ್ದು ನೋಡಿಯೇ ಅಕ್ಕನಿಗೆ ಅರ್ಥವಾಯಿತು. ಒಳ್ಳೆಯ ಸುದ್ದಿ ಇದ್ದಿದ್ದರೆ ನಿಂತೇ ಹೇಳುತ್ತಿದ್ದರು.

"ಗ್ರಂಥಿ ಚೆನ್ನಾಗೇ ಇತ್ತು. ಆದ್ರೆ ಬಿಡಿಸುವಾಗ ಜೀವಕೋಶ ಸಾಕಷ್ಟು ಸಿಗಲಿಲ್ಲ. ಹೀಗಾಗುತ್ತೆ ಕೆಲವು ಸಲ."

"ಸಿಕ್ಕಿದಷ್ಟು ಹಾಕಿ," ಎಂದಳು ಅಕ್ಕ.

"ಅಷ್ಟು ಕಮ್ಮಿ ಹಾಕಿದ್ರೆ ಉಪಯೋಗ ಇಲ್ಲಮ್ಮ. ಮಾತ್ರೆಗಳ ಅಪಾಯ ಮಾತ್ರ ಉಳಿಯುತ್ತೆ."

ಮೀನು ಗೋಡೆಯ ಕಡೆ ತಿರುಗಿ ಮಲಗಿದಳು. ಡಾಕ್ಟರು ಎದ್ದು ಹೋದಾಗ ಅಕ್ಕ ಅವರ ಬೆನ್ನಿಗೆ ಬಿದ್ದಳು. ನೆಲ ಒರೆಸುತ್ತಿದ್ದವಳ ಬಕೆಟನ್ನು ಎಡವಿ, ಲಿಫ್ಟಿನ ಬಾಗಿಲಿಗೆ ಅಡ್ಡ ನಿಂತು, "ನನ್ನದು ತಗೊಳ್ಳಿ. ಅರ್ಧ ಕತ್ತರಿಸಿ ತಗೊಳ್ಳಿ. ಇಬ್ಬರದೂ ಒಂದೇ ರಕ್ತ. ನಾಳೇನೇ ತಗೊಳ್ಳಿ" ಎಂದಳು. ಧ್ವನಿ ಎಷ್ಟು ಏರಿತ್ತೆಂದರೆ ಲಿಫ್ಟಿನಲ್ಲಿದ್ದವರೆಲ್ಲ ತಲೆ ತಗ್ಗಿಸಿದರು.

ಡಾಕ್ಟರು ಲಿಫ್ಟನ್ನು ಹೋಗಗೊಟ್ಟರು. "ಅರ್ಧ ತೆಗೆದ್ರೆ ನಿಮಗೂ ಇದೇ ಕಾಯಿಲೆ ಬರಬಹುದು. ಆಗ ಯಾರನ್ನ ಯಾರು ಕಾಯೋದು? ನಾವಿಲ್ಲಿ ಅದನ್ನ ಮಾಡಲ್ಲ. ನೀವು ಕಾಲಿಗೆ ಬಿದ್ರೂ ಮಾಡಲ್ಲ."

ಅವಳು ನಿಜಕ್ಕೂ ಕಾಲಿಗೆ ಬೀಳುವುದರಲ್ಲಿದ್ದಳು. ಅವರೇ ತೋಳು ಹಿಡಿದು ನಿಲ್ಲಿಸಿದರು.

ಮನೆಗೆ ಬಂದ ಮೇಲೆ ಮೀನು ಬೇರೆಯೇ ಆದಳು. ಕೇಳಿದರೆ ಉತ್ತರ, ಕೊಟ್ಟರೆ ಊಟ. ತೋಳಿನ ಯಂತ್ರ ಕೂಗಿದರೆ ಮುಖ ಸಿಂಡರಿಸಿ ಅದರ ಬಾಯಿ ಮುಚ್ಚಿಸುತ್ತಿದ್ದಳು. ಒಂದು ದಿನ, "ಫೋನಮ್ಮನಿಗೆ ಹೇಳು, ಪಟ್ಟಿಯಿಂದ ನನ್ನ ಹೆಸರು ತೆಗೀಲಿ" ಎಂದಳು.

"ಯಾಕೇ?"

"ಸಾಕಾಯ್ತು. ನನಗೂ ಸಾಕು, ನಿನಗೂ ಸಾಕು. ನನ್ನ ಮಂಚ ನೋಡಿಕೊಂಡೇ ಮುದುಕಿ ಆಗ್ತೀಯಾ? ಆ ಏಣಿಯವನು ಇನ್ನೆಷ್ಟು ದಿನ ಏಣಿ ಮೇಲೇ ಇರಬೇಕು?"

"ಬಾಯಿ ಮುಚ್ಚೇ."

"ನೀನು ಕಾಯ್ತಿರೋದು ನನಗೋಸ್ಕರ ಅಲ್ಲ. ಅಮ್ಮನಿಗೆ ಮಾತು ಕೊಟ್ಟಿದ್ದೀಯಲ್ಲ, ಅದಕ್ಕೆ."

ಅಕ್ಕ ಕೈಯಲ್ಲಿದ್ದ ಅಳತೆಪಟ್ಟಿಯನ್ನು ಬೀಸಿ ಎಸೆದಳು. ಅದು ಮೀನುವಿನ ಕೆನ್ನೆಗೆ ತಾಗಿತು. ಆ ರಾತ್ರಿ ಮೀನು ತಾನೇ ಬಡಿಸಿಕೊಂಡು ಒಳಗೆ ಹೋಗಿ ಉಂಡಳು.

ಅದಾದ ಕೆಲವೇ ದಿನಗಳಿಗೆ, ಮಧ್ಯಾಹ್ನದ ಹೊತ್ತು, ಅಂಗಡಿಗೆ ಗಿರಾಕಿಗಳು ಬಂದಿದ್ದರು. ಗಂಡನಿಗೆ ಹಸಿರು ಬೇಕು, ಹೆಂಡತಿಗೆ ಕೆಂಪು. ಅವರ ಜಗಳ ಬಿಡಿಸುತ್ತಾ ಅಕ್ಕ ಹೊಲಿಗೆ ಯಂತ್ರದ ಕಡೆಯಿಂದ ಎದ್ದು ಕಪಾಟಿನ ಕಡೆ ಹೋಗಿದ್ದಳು. ಒಳಗಿನಿಂದ ಕೂಗು ಕೇಳಿಸಲಿಲ್ಲ. ಮೀನು ತೋಳಿನ ಯಂತ್ರವನ್ನು ಕಿತ್ತು ಕಿಟಕಿಯ ಮೇಲಿಟ್ಟಿದ್ದಳು. ಗಿರಾಕಿಗಳು ಹೋದ ಮೇಲೆ ಅಕ್ಕ ಒಳಗೆ ಇಣುಕಿದಳು. ಮೀನು ಮಂಚಕ್ಕೂ ಗೋಡೆಗೂ ನಡುವೆ ಕುಸಿದು ಕೂತಿದ್ದಳು. ತುಟಿಯ ಮೂಲೆಯಲ್ಲಿ ಜೊಲ್ಲು, ಅರ್ಧ ತೆರೆದ ಕಣ್ಣು, ಬಿಳಿಚಿಕೊಂಡ ಮುಖ.

ಹೀಗಾದಾಗ ಬಾಯಿಗೆ ಏನೂ ಹಾಕಬಾರದು, ಉಸಿರಿಗೆ ಅಡ್ಡಬರುತ್ತದೆ. ಸಕ್ಕರೆ ಏರಿಸುವ ಸೂಜಿ ಫ್ರಿಜ್ಜಿನ ಬಾಗಿಲಲ್ಲೇ ಇರುತ್ತದೆ, ತೊಡೆಗೆ ಚುಚ್ಚಬೇಕು. ಅಕ್ಕ ಅದೆಷ್ಟೋ ಸಲ ಚುಚ್ಚಿದ್ದಳು. ಅವತ್ತೂ ಓಡಿಹೋಗಿ ತಂದಳು, ಮುಚ್ಚಳ ತೆಗೆದಳು. ಕೋಣೆಯ ಬಾಗಿಲ ಬಳಿ ಕಾಲು ನಿಂತುಬಿಟ್ಟಿತು.

ಒಂದು ಉಸಿರಿನಷ್ಟು ಹೊತ್ತು. ಮುಗಿದುಹೋಗಲಿ, ಅವಳಿಗೂ ಬಿಡುಗಡೆ, ನನಗೂ ಬಿಡುಗಡೆ, ಎಂದು ಯಾರೋ ಒಳಗಿನಿಂದ ಅಂದ ಹಾಗಾಯಿತು. ಯಾರೋ ಅಲ್ಲ, ತಾನೇ. ಆಮೇಲೆ ಅವಳು ಮಂಡಿಯೂರಿ ಸೂಜಿ ಚುಚ್ಚಿದಳು, ತಂಗಿಯನ್ನು ಮಗ್ಗುಲಿಗೆ ಹೊರಳಿಸಿದಳು, ಆಂಬುಲೆನ್ಸಿಗೆ ಫೋನು ಮಾಡಿದಳು, ಕೆನ್ನೆ ತಟ್ಟಿದಳು. ಮೀನು ಕಣ್ಣು ಬಿಟ್ಟಾಗ ಬೈಗುಳ ಬಿಟ್ಟು ಬೇರೇನೂ ಅವಳ ಬಾಯಿಂದ ಬರಲಿಲ್ಲ. "ಕತ್ತೆ, ಕೋತಿ, ಮೂರ್ಖಿ, ಯಂತ್ರ ಯಾಕೆ ಕಿತ್ತೆ, ಹೇಳು, ಯಾಕೆ ಕಿತ್ತೆ?" ಎನ್ನುತ್ತಾ ಅವಳ ತಲೆಯನ್ನು ಎದೆಗೆ ಒತ್ತಿಕೊಂಡು ತೂಗುತ್ತಿದ್ದಳು.

ಪಟ್ಟಿಯಿಂದ ಹೆಸರು ತೆಗೆಯುವ ಮಾತನ್ನು ಮೀನು ಆಮೇಲೆ ಎತ್ತಲಿಲ್ಲ. ಹೊಸ ಯಂತ್ರವೊಂದನ್ನು ತೋಳಿಗೆ ಅಂಟಿಸಿಕೊಂಡಳು.

ಎರಡನೆಯ ಕರೆ ಬಂದಾಗ ಇಬ್ಬರಲ್ಲೂ ಮೊದಲಿನ ಹುರುಪು ಇರಲಿಲ್ಲ. ಅಕ್ಕ ಅಂಗಡಿಯ ಬಾಗಿಲನ್ನು ನೆಟ್ಟಗೆ ಹಾಕಿ, ಬೀಗ ಎಳೆದು ನೋಡಿ ಹೊರಟಳು. ಅದೇ ಹಸಿರು ಗೌನು, ಅದೇ ನಳಿಗೆ, ಅದೇ ಕಾಯುವಿಕೆ. ಕೆಳಗಿನ ಪ್ರಯೋಗಾಲಯದಲ್ಲಿ ಯಾರೋ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಜೀವಕೋಶಗಳನ್ನು ಎಣಿಸುತ್ತಿದ್ದರು. ಮೇಲೆ ಅಕ್ಕ ಕಿಟಕಿಯ ಪರದೆ ನೋಡುತ್ತಾ, ಎಷ್ಟು ಕೆಟ್ಟ ಹೊಲಿಗೆ, ಮಡಿಕೆ ಒಂದರ ಹಾಗೆ ಒಂದಿಲ್ಲ, ಎಂದು ಮನಸ್ಸನ್ನು ಬೇರೆಡೆಗೆ ತಿರುಗಿಸಲು ಹೆಣಗುತ್ತಿದ್ದಳು.

"ಅವತ್ತು ಬಾಗಿಲಲ್ಲಿ ನಿಂತಿದ್ದೆ ಅಲ್ವಾ?" ಎಂದಳು ಮೀನು ಇದ್ದಕ್ಕಿದ್ದಂತೆ.

ಅಕ್ಕ ಹೊದಿಕೆಯ ಅಂಚು ಸರಿಮಾಡಿದಳು. "ಯಾವತ್ತು?"

"ಗೊತ್ತಿದ್ದೂ ಕೇಳ್ಬೇಡ. ನನಗೆ ಕೈಕಾಲು ಆಡ್ತಿರಲಿಲ್ಲ, ಮಾತು ಬರ್ತಿರಲಿಲ್ಲ. ಆದ್ರೆ ಕಾಣ್ತಿತ್ತು. ಸೂಜಿ ಹಿಡ್ಕೊಂಡು ನಿಂತಿದ್ದೆ."

ಅಕ್ಕ ತಲೆ ಎತ್ತಲಿಲ್ಲ. ಮಂಚದ ಕಬ್ಬಿಣದ ಕಂಬಿಯನ್ನು ಹಿಡಿದುಕೊಂಡು, ಅದನ್ನೇ ಉಜ್ಜುತ್ತಾ ಕೂತಳು. ಕಣ್ಣೀರು ಮೂಗಿನ ತುದಿಯಿಂದ ಹಾಸಿಗೆಗೆ ತೊಟ್ಟಿಕ್ಕಿತು.

"ಅಳ್ಬೇಡ ಕಣೇ. ನೀನು ಒಂದು ಉಸಿರು ನಿಂತೆ. ನಿನ್ನ ಜಾಗದಲ್ಲಿ ನಾನಿದ್ದಿದ್ರೆ ಒಂದು ಲೋಟ ಚಹಾ ಕುಡಿದು ಬರ್ತಿದ್ದೆ."

ಅಳುವಿನ ನಡುವೆಯೇ ಅಕ್ಕನಿಗೆ ನಗು ಉಕ್ಕಿತು. ಮೀನುವಿಗೂ ಉಕ್ಕಿತು. ಇಬ್ಬರೂ ಹಾಗೆ ಅಳುತ್ತಾ ನಗುತ್ತಾ ಇರುವಾಗಲೇ ಡಾಕ್ಟರು ಒಳಗೆ ಬಂದರು. ಈ ಸಲ ಕುರ್ಚಿ ಎಳೆದುಕೊಳ್ಳಲಿಲ್ಲ.

"ಸಾಕಷ್ಟು ಸಿಕ್ಕಿದೆ. ನಡೀರಿ."

ಮೀನುವಿಗೆ ಪೂರ್ತಿ ಅರಿವಳಿಕೆ ಕೊಡಲಿಲ್ಲ. ಬಲಪಕ್ಕೆಯನ್ನು ಮರಗಟ್ಟಿಸಿ, ಸ್ಕ್ರೀನಿನ ಮೇಲೆ ಒಳಗಿನ ಚಿತ್ರ ನೋಡಿಕೊಂಡು, ಪಕ್ಕೆಲುಬುಗಳ ಸಂದಿಯಿಂದ ಯಕೃತ್ತಿಗೆ ನಳಿಗೆ ಇಳಿಸಿದರು. ಜೀವಕೋಶಗಳ ಚೀಲವನ್ನು ಅವಳು ತಲೆ ಹೊರಳಿಸಿ ನೋಡಿದಳು. ಅಷ್ಟೆಲ್ಲ ಕಾದದ್ದು ಇಷ್ಟಕ್ಕೋ ಎನ್ನಿಸುವಂತಿತ್ತು. ಸಣ್ಣ ಚೀಲ, ಕಲಕಿದ ನೀರಿನಂಥ ದ್ರವ, ತಳದಲ್ಲಿ ಒಂದಿಷ್ಟು ಮರಳಿನಂಥ ಪುಡಿ. ಯಾರದೋ ಮನೆಯವರು ಅಳುತ್ತಾ ಕೊಟ್ಟದ್ದು. ಅದು ಹನಿಹನಿಯಾಗಿ ಒಳಗೆ ಇಳಿಯಿತು. ಹೊರಗೆ ಬಂದಾಗ ಅವಳು ಅಕ್ಕನಿಗೆ, "ಯಾರು ಅಂತ ಹೇಳಲ್ವಂತೆ. ಗಂಡೋ ಹೆಣ್ಣೋ ಅಂತಾನೂ ಹೇಳಲ್ವಂತೆ" ಎಂದಳು. ಆ ಮಾತನ್ನು ಆಮೇಲೆಯೂ ಬಹಳ ಸಲ ಹೇಳಿದಳು.

ಇಲ್ಲಿಗೆ ಕಷ್ಟ ತೀರಿತು ಎಂದುಕೊಂಡಿದ್ದರೆ ಅದು ಅಕ್ಕನ ತಪ್ಪು. ಮಾತ್ರೆಗಳಿಂದ ಮೀನುವಿನ ಬಾಯಿತುಂಬ ಹುಣ್ಣಾದವು, ನೀರು ಕುಡಿದರೂ ಉರಿ. ಜ್ವರ ಬಂದು ಮತ್ತೆ ಆಸ್ಪತ್ರೆ ಸೇರಿದಳು. ಅಂಗಡಿಗೆ ಯಾರಾದರೂ ಸೀನುತ್ತಾ ಬಂದರೆ ಅಕ್ಕ ಬಾಗಿಲಲ್ಲೇ ತಡೆದು ಕಳಿಸುತ್ತಿದ್ದಳು, ಹೀಗಾಗಿ ಒಳ್ಳೆಯ ಗಿರಾಕಿಗಳು ಕೈತಪ್ಪಿದರು. ಎಲ್ಲಕ್ಕಿಂತ ಕಷ್ಟವಾದದ್ದು ಸೂಜಿ ನಿಲ್ಲದೆ ಇದ್ದದ್ದು. ಇನ್ಸುಲಿನ್ ಅರ್ಧಕ್ಕಿಂತ ಕೆಳಗೆ ಇಳಿಯಿತು, ಆದರೆ ಇಳಿದು ಅಲ್ಲಿಗೇ ನಿಂತಿತು.

"ಇಷ್ಟೆಲ್ಲ ಅನುಭವಿಸಿದ್ದು ಅರ್ಧ ಸೂಜಿಗಾ?" ಎಂದು ಅಕ್ಕ ಡಾಕ್ಟರ ಮುಂದೆ ಕಿಡಿಕಾರಿದಳು.

"ಬಹಳ ಜನಕ್ಕೆ ಎರಡನೇ ಸಲ ಕೊಡಬೇಕಾಗುತ್ತೆ. ಮತ್ತೆ ಪಟ್ಟಿಗೆ ಹಾಕೋಣ. ಅಲ್ಲೀವರೆಗೆ ಇರೋದು ಕೆಲಸ ಮಾಡ್ಲಿ ಬಿಡಿ. ಸೂಜಿ ಬಿಡಿಸೋದೊಂದೇ ಇದರ ಕೆಲಸ ಅಲ್ಲ."

ಮತ್ತೆ ಪಟ್ಟಿ. ಮೀನು ಆ ದಿನ ಮನೆಗೆ ಬಂದು ಗೋಡೆಗೆ ಮುಖ ಮಾಡಿ ಮಲಗಿದಳು. ಅಕ್ಕ ಹೊಲಿಗೆ ಯಂತ್ರದ ಮುಂದೆ ಕೂತು, ಹೊಲಿಯಲಾರದೆ, ಖಾಲಿ ಯಂತ್ರವನ್ನೇ ಓಡಿಸಿದಳು.

ಆ ವರ್ಷದ ಚಳಿ ಕಳೆಯುವ ಹೊತ್ತಿಗೆ ಊರಾಚೆಯ ಹೊಸ ಕಟ್ಟಡವೊಂದರಲ್ಲಿ ಪರದೆ ಹಾಕುವ ಕೆಲಸ ಬಂತು. ಕಿಟಕಿಗಳು ವಿಚಿತ್ರ ಆಕಾರದವು, ಅಲ್ಲೇ ನಿಂತು ಅಂಚು ಮಡಿಸಬೇಕು, ಏಣಿಯವನೊಬ್ಬನಿಂದ ಆಗುವುದಲ್ಲ. ಅಕ್ಕ ಆಗುವುದಿಲ್ಲ ಎಂದಳು. ಮೀನು ಅವಳ ಚೀಲಕ್ಕೆ ಕತ್ತರಿ, ಗುಂಡುಸೂಜಿ, ದಾರದ ಉಂಡೆ ತುಂಬಿಸಿ ಬಾಗಿಲ ಹೊರಗಿಟ್ಟಳು. "ಹೋಗು. ತೋಳಲ್ಲಿ ಯಂತ್ರ ಇದೆ, ಪಕ್ಕದ ಮನೆಯವರಿದ್ದಾರೆ. ಹೋಗೇ, ನಿನ್ನ ಮುಖ ನೋಡಿ ನೋಡಿ ಸಾಕಾಗಿದೆ."

ಅಕ್ಕ ಹೋದಳು. ಕೈ ಕೆಲಸದಲ್ಲಿ, ಜೀವ ಫೋನಿನಲ್ಲಿ. ಮಧ್ಯಾಹ್ನ ಫೋನು ಬಡಿದುಕೊಂಡಾಗ ಬಾಯಲ್ಲಿ ಕಚ್ಚಿಕೊಂಡಿದ್ದ ಗುಂಡುಸೂಜಿಗಳೆಲ್ಲ ನೆಲಕ್ಕೆ ಚೆಲ್ಲಿದವು.

"ಅಕ್ಕಾ," ಎಂದಳು ಮೀನು. ಧ್ವನಿ ಒಂದು ಥರ ಇತ್ತು. "ನಡುಗ್ತಾ ಇದೆ ಕಣೇ."

"ಏನು ನಡುಗ್ತಾ ಇದೆ? ಯಾರಿದ್ದಾರೆ ಅಲ್ಲಿ? ಪಕ್ಕದವರನ್ನ ಕರಿ, ನಾನು ಬಂದೆ, ಈಗ ಬಂದೆ..."

"ಕೇಳೇ ಇಲ್ಲಿ. ಮೊದಲು ಮಾತ್ರೆಯಿಂದ ಕೈ ನಡುಗ್ತಿದೆ ಅಂದ್ಕೊಂಡೆ. ಅದು ದಿನಾ ಇದ್ದದ್ದೇ. ಆದ್ರೆ ಬೆವರ್ತಾನೂ ಇದೆ. ಎದೆ ಡಬಡಬ ಅಂತಿದೆ, ಹೊಟ್ಟೇಲಿ ಬೆಂಕಿ ಬಿದ್ದ ಹಾಗೆ ಹಸಿವು. ಬೆರಳು ಚುಚ್ಚಿ ನೋಡಿದೆ, ಸಕ್ಕರೆ ಇಳೀತಾ ಇದೆ. ತೋಳಿನ ಯಂತ್ರ ಇನ್ನೂ ಕೂಗೇ ಇಲ್ಲ. ನನಗೆ ಮೊದಲು ಗೊತ್ತಾಯ್ತು. ಅಕ್ಕಾ, ನನಗೇ ಮೊದಲು ಗೊತ್ತಾಯ್ತು!"

"ಏನಾದ್ರೂ ತಿಂದ್ಯಾ?"

"ತಿಂತಾ ಇದ್ದೀನಿ, ಕೇಳಿಸ್ತಿಲ್ವಾ?" ಬಾಯಿತುಂಬ ಬ್ರೆಡ್ಡು ತುಂಬಿಕೊಂಡು ಮಾತಾಡುವ ಸದ್ದು ಬಂತು. ನಡುವೆ ಬಿಕ್ಕಳಿಕೆ. ಅವಳು ಅಳುತ್ತಿದ್ದಳೋ ನಗುತ್ತಿದ್ದಳೋ ತಿಳಿಯಲಿಲ್ಲ. "ಬರಬೇಡ. ಕೆಲಸ ಮುಗಿಸ್ಕೊಂಡು ಬಾ."

ಅಕ್ಕ ಫೋನು ಇಡಲಿಲ್ಲ. ತಂಗಿ ಬ್ರೆಡ್ಡು ತಿಂದು, ರಸ ಕುಡಿದು, ಮತ್ತೆ ಬೆರಳು ಚುಚ್ಚಿ, ಏರಿತು ಎಂದು ಹೇಳುವವರೆಗೂ ಕಿವಿಗೆ ಒತ್ತಿಕೊಂಡೇ ಇದ್ದಳು. ಆಮೇಲೆ ಆ ಖಾಲಿ ಕಟ್ಟಡದ ಮೆಟ್ಟಿಲ ಮೇಲೆ, ಸಿಮೆಂಟಿನ ಧೂಳಿನಲ್ಲಿ ಕೂತು ಬಾಯಿಗೆ ಬಟ್ಟೆಯ ತುಂಡು ಒತ್ತಿಕೊಂಡು ಅತ್ತಳು. ಏಣಿಯವನು ಸರಸರ ಇಳಿದು ಬಂದು, "ಏನ್ರೀ, ಏನಾಯ್ತು? ಏನಾದ್ರೂ ಆಯ್ತೇನ್ರೀ ಮೀನಿಗೆ?" ಎಂದು ಗಾಬರಿಯಾದ.

"ನಡುಗ್ತಿದ್ದಾಳಂತೆ," ಎಂದಳು ಅಕ್ಕ. ಅವನಿಗೆ ತಲೆಬುಡ ತಿಳಿಯಲಿಲ್ಲ. ಆ ಧೂಳಿನಲ್ಲೇ ಪಕ್ಕದಲ್ಲಿ ಕೂತ.

ಅಲ್ಲಿಂದ ಈಚೆಗೆ ಮೀನು ಹಾಗೆ ಖಾಲಿಯಾದದ್ದಿಲ್ಲ. ಅರ್ಧ ಸೂಜಿ ಉಳಿದಿದೆ, ಬಾಯಿಹುಣ್ಣು ಬಂದು ಹೋಗುತ್ತದೆ, ಕಿಡ್ನಿಯ ಪರೀಕ್ಷೆಗೆ ಹೋಗುವ ದಿನ ಇಬ್ಬರೂ ತಿಂಡಿಯ ತಟ್ಟೆಯನ್ನು ಅರ್ಧಕ್ಕೇ ಸರಿಸುತ್ತಾರೆ. ಆ ಜೀವಕೋಶಗಳು ಇನ್ನೆಷ್ಟು ಕಾಲ ಬಾಳುತ್ತವೆ ಎಂದು ಅಕ್ಕ ಡಾಕ್ಟರನ್ನು ಕೇಳುವುದನ್ನು ಬಿಟ್ಟಿದ್ದಾಳೆ. ಕೊಳದ ನೀರಿಗೆ ಇಳಿಯಲು ಮೀನುವಿಗೆ ಡಾಕ್ಟರ ಅಪ್ಪಣೆ ಸಿಕ್ಕಿಲ್ಲ. ದಂಡೆಯಲ್ಲಿ ನಿಂತು ದೊಡ್ಡ ಮಕ್ಕಳಿಗೆ ಕೈಕಾಲು ಬಡಿಯುವುದನ್ನು ಹೇಳಿಕೊಡು ಎಂದು ಮ್ಯಾನೇಜರು ಕರೆದಿದ್ದಾನೆ. ಹೋಗಲೋ ಬೇಡವೋ ಎಂದು ಮೀನು ಇನ್ನೂ ಯೋಚಿಸುತ್ತಿದ್ದಾಳೆ. ಅಕ್ಕ ಈಗಲೂ ಗಂಟೆಗೊಮ್ಮೆ ಎದ್ದು ಅವಳ ಕೋಣೆಗೆ ಇಣುಕುತ್ತಾಳೆ. ಮೀನು ಒಳಗಿನಿಂದ ಬಾಗಿಲಿಗೆ ಚಿಲಕ ಹಾಕಿಕೊಳ್ಳಲು ಶುರುಮಾಡಿದ್ದಾಳೆ. ಅದಕ್ಕೇ ಇಬ್ಬರಿಗೂ ದಿನಾ ಜಗಳ.